ಮಕ್ಕಳ ಮನಸ್ಸು: ಶಾಲೆಯಲ್ಲಿ ನಾವು ಕೇಳಬೇಕಾದ ಮೂರು ಪ್ರಶ್ನೆ
(ಕೂಟದ ರಾಜ್ಯೋತ್ಸವ ಸಭೆಯಲ್ಲಿ ಆಡಿದ ಮಾತು)



ನಾನು ಸರ್ಕಾರಿ ಐ.ಟಿ.ಐ.ನಲ್ಲಿ ಕಲಿತು ಕುವೈತಿಗೆ ಬಂದ ಎಲೆಕ್ಟ್ರಿಷಿಯನ್. ಭಾಷಣ ಮಾಡಿ ರೂಢಿ ಇಲ್ಲ. ಆದರೆ ನಮ್ಮಲ್ಲಿ ಬಹಳ ಜನರ ಮಕ್ಕಳು ಊರಲ್ಲಿದ್ದಾರೆ. ಶುಕ್ರವಾರದ ವಿಡಿಯೋ ಕಾಲ್‌ನಲ್ಲಿ ಮಗುವಿನ ಮುಖ ಕಾಣುತ್ತೆ, ಮನಸ್ಸು ಕಾಣಲ್ಲ. ಮಗು ಹಗಲೆಲ್ಲಾ ಇರೋದು ಶಾಲೆಯಲ್ಲಿ. ಹಾಗಾಗಿ ಶಾಲೆಯ ಬಗ್ಗೆ ನಾಲ್ಕು ಮಾತು.

ನನ್ನ ರೂಮಿನ ಅಣ್ಣ ಒಬ್ಬರ ಮಗ ಒಂಬತ್ತನೇ ತರಗತಿಯಲ್ಲಿದ್ದಾಗ ದಿನಾ ಬೆಳಿಗ್ಗೆ ಹೊಟ್ಟೆನೋವು ಅಂತಿದ್ದ. ಸ್ಕ್ಯಾನಿಂಗ್ ಮಾಡಿಸಿದರೂ ಏನೂ ಸಿಗಲಿಲ್ಲ. ಮನೆಯಲ್ಲಿ "ನಾಟಕ" ಅಂದರು. ಅವನ ಕನ್ನಡ ಮೇಷ್ಟ್ರು ಮಾತ್ರ ಗಮನಿಸಿದರು: ಹುಡುಗ ಯಾರ ಜೊತೆಗೂ ಸೇರ್ತಿಲ್ಲ, ಊಟದ ಡಬ್ಬಿ ತೆಗೀತಿಲ್ಲ. ಏನೂ ಕೇಳದೆ ಒಂದು ವಾರ ಪುಸ್ತಕ ಜೋಡಿಸೋಕೆ ಕರೆದುಕೊಂಡು ಹೋದರು. ಆಮೇಲೆ ಅವನೇ ಬಾಯಿಬಿಟ್ಟ. ದೊಡ್ಡ ಹುಡುಗರು "ಅಪ್ಪ ಇಲ್ಲದವನು" ಅಂತ ಗೇಲಿ ಮಾಡ್ತಿದ್ದರಂತೆ. ಮೇಷ್ಟ್ರು ಆ ಹುಡುಗರನ್ನು ಕರೆಸಿ ಮಾತಾಡಿದರು. ತಾಯಿ ಮಗ ಇಬ್ಬರನ್ನೂ ತಾಲೂಕು ಆಸ್ಪತ್ರೆಯ ಸ್ನೇಹ ಕ್ಲಿನಿಕ್‌ಗೆ ಕಳಿಸಿದರು. ಹದಿಹರೆಯದವರ ಮಾತು ಕೇಳೋಕೆ ಅಂತಲೇ ಇರುವ ಸರ್ಕಾರಿ ಕ್ಲಿನಿಕ್ ಅದು. ಈಗ ಹುಡುಗ ಶಾಲೆ ತಪ್ಪಿಸಲ್ಲ.

ಎಂ.ಸಿ.ಬಿ. ಪದೇ ಪದೇ ಟ್ರಿಪ್ ಆದರೆ ನಾವು ಅದನ್ನು ಬೈಯಲ್ಲ. ಲೋಡ್ ಜಾಸ್ತಿ ಆಗಿದೆಯಾ, ಎಲ್ಲಾದರೂ ಶಾರ್ಟ್ ಇದೆಯಾ ಅಂತ ಹುಡುಕ್ತೀವಿ. ಸುಮ್ಮನೆ ದೊಡ್ಡ ಬ್ರೇಕರ್ ಹಾಕಿದರೆ ವೈರೇ ಸುಟ್ಟುಹೋಗುತ್ತೆ. ಮಗುವಿನ ಹೊಟ್ಟೆನೋವು, ಸಿಟ್ಟು, ನಿದ್ದೆ ಬಾರದಿರೋದು, ಇದ್ದಕ್ಕಿದ್ದಂತೆ ಮಾರ್ಕ್ಸ್ ಇಳಿಯೋದು, ಇವೂ ಹಾಗೇ. ಬೈದರೆ ಕಾರಣ ಸಿಗಲ್ಲ.

ಆ ಹುಡುಗನಿಗೆ ಒಳ್ಳೇ ಮೇಷ್ಟ್ರು ಸಿಕ್ಕಿದ್ದು ಅದೃಷ್ಟ. ಎಲ್ಲಾ ಮಕ್ಕಳನ್ನೂ ಅದೃಷ್ಟಕ್ಕೆ ಬಿಡೋಕಾಗಲ್ಲ, ವ್ಯವಸ್ಥೆ ಬೇಕು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇದೇ ವಿಷಯಕ್ಕೆ ಮಾರ್ಗಸೂಚಿ ಕೊಟ್ಟಿದೆ. ಆದರೆ ಕಾಗದದಲ್ಲಿರೋದು ಶಾಲೆಗೆ ಬರಬೇಕಾದರೆ ತಂದೆತಾಯಿ ಕೇಳಬೇಕು. ಕೇಳಬೇಕಾದ ಪ್ರಶ್ನೆ ಮೂರೇ.

ಒಂದು, "ಮಕ್ಕಳ ಕಷ್ಟ ಕೇಳೋಕೆ ತರಬೇತಿ ಆದವರು ಯಾರಿದ್ದಾರೆ?" 100 ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿರುವ ಕಡೆ ಒಬ್ಬರಾದರೂ ಕೌನ್ಸೆಲರ್, ಮನಶ್ಶಾಸ್ತ್ರಜ್ಞರು ಅಥವಾ ಸಮಾಜ ಕಾರ್ಯಕರ್ತರು ಇರಬೇಕು. ನಮ್ಮ ಹಳ್ಳಿಗಳಂಥ ಸಣ್ಣ ಶಾಲೆಯಾದರೆ ಹೊರಗಿನ ತಜ್ಞರ ಜೊತೆ ಸಂಪರ್ಕ ಇಟ್ಟುಕೊಂಡಿರಬೇಕು.

ಎರಡು, "ಮೇಷ್ಟ್ರುಗಳಿಗೆ ತರಬೇತಿ ಆಗಿದೆಯಾ?" ಅಪಾಯದ ಲಕ್ಷಣ ಗುರುತಿಸೋಕೆ ವರ್ಷಕ್ಕೆ ಎರಡು ಸಲವಾದರೂ ಸಿಬ್ಬಂದಿಗೆ ತರಬೇತಿ ಕೊಡಬೇಕು.

ಮೂರು, "ಸಹಾಯವಾಣಿ ನಂಬರ್ ಮಕ್ಕಳಿಗೆ ಕಾಣೋ ಹಾಗೆ ಬರೆದಿದ್ದೀರಾ?" ಟೆಲಿ ಮಾನಸ್ 14416. 2022ರಲ್ಲಿ ಶುರುವಾದ ಈ ಸೇವೆ ಉಚಿತ, 24 ಗಂಟೆಯೂ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಮಕ್ಕಳಿಗೆ ಹೊಡೆತ, ಕಿರುಕುಳ ಇದ್ದರೆ 1098. ಎರಡೂ ನಂಬರ್ ಊರಲ್ಲಿರುವ ಮನೆಯವರ ಫೋನಿನಲ್ಲಿ ಇವತ್ತೇ ಸೇವ್ ಮಾಡಿಸಿ.

ಸರ್ಕಾರಿ ಶಾಲೆಯಾದರೆ ಎಸ್.ಡಿ.ಎಂ.ಸಿ. ಸಭೆಯಲ್ಲಿ ಕೇಳಬಹುದು. ಅದರಲ್ಲಿ ತಂದೆತಾಯಂದಿರೇ ಸದಸ್ಯರು. ನಾವು ಇಲ್ಲಿದ್ದರೂ ನಮ್ಮ ಮನೆಯಾಕೆ ಅಲ್ಲಿ ಎದ್ದು ನಿಂತು ಕೇಳಬಹುದು, ನಾವು ಧೈರ್ಯ ಹೇಳಬೇಕು ಅಷ್ಟೆ. ಮಕ್ಕಳು ಇಲ್ಲೇ ಓದ್ತಿದ್ದರೆ ಇಲ್ಲಿನ ಶಾಲೆಯಲ್ಲೂ ಇದನ್ನೇ ಕೇಳಿ.

"ಕೌನ್ಸೆಲಿಂಗ್ ಅಂದರೆ ಹುಚ್ಚರಿಗೆ" ಅನ್ನೋರಿದ್ದಾರೆ. ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗೋಕೆ ನಾಚಿಕೆ ಇಲ್ಲ, ಇದಕ್ಕೆ ಯಾಕೆ? ಇನ್ನೊಂದು ಮಾತು. ಮಗು ಸಾಯೋ ಮಾತಾಡಿದರೆ ತಮಾಷೆ ಅಂತ ಬಿಡಬೇಡಿ, ಬೈಯಬೇಡಿ. ಬಿಡಿಸಿ ಕೇಳಿದರೆ ಆ ಯೋಚನೆ ಹೆಚ್ಚಾಗುತ್ತೆ ಅನ್ನೋದು ಸುಳ್ಳು. ಒಂಟಿಯಾಗಿ ಬಿಡದೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಹೇಳಿ.

ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಗೃಹಪ್ರವೇಶ, ಮದುವೆ ಎಲ್ಲಾ ಇದ್ದೇ ಇರುತ್ತೆ. ಅರ್ಧ ದಿನ ಮಕ್ಕಳ ಶಾಲೆಗೆ ಇಡಿ. ಮೇಷ್ಟ್ರಿಗೆ ಕೈಮುಗಿದು ಈ ಮೂರು ಪ್ರಶ್ನೆ ಕೇಳಿ ಬನ್ನಿ. ಒಬ್ಬರು ಕೇಳಿದರೆ ಆ ಶಾಲೆಯ ಎಲ್ಲಾ ಮಕ್ಕಳಿಗೂ ಅನುಕೂಲ.