ಬಯಲಿನ ಚಳಿಗಾಲಕ್ಕೆ ಸೈಕಲ್ ಏರಿ

(ಕಲಬುರಗಿಗೆ ಸೈಕಲ್ ಪ್ರವಾಸ ಹೊರಡಲಿರುವ ವಿದ್ಯಾರ್ಥಿಗಳು ಹಾಗೂ ಗ್ರಾಮಸ್ಥರ ಸಭೆಯಲ್ಲಿ ಆಡಿದ ಮಾತುಗಳು)



ಈ ಡಿಸೆಂಬರಿನ ರಜೆಯಲ್ಲಿ ಕಲಬುರಗಿಯ ಕಡೆ ಸೈಕಲ್ ತುಳಿಯೋಣವೆಂದಾಗ, "ಆ ಮರುಭೂಮಿಯಲ್ಲಿ ನೋಡುವುದೇನಿದೆ?" ಎಂದು ನಿಮ್ಮಲ್ಲೊಬ್ಬರು ಕೇಳಿದಿರಿ. ಹಸಿರನ್ನೇ ಕಂಡು ಬೆಳೆದ ಕಣ್ಣಿಗೆ ಹಾಗೆ ತೋರುವುದು ಸಹಜ. ಆದರೆ ಅದು ಮರುಭೂಮಿಯಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾ ಶಿಲೆ ಸವೆದು ಉಂಟಾದ ಎರೆಭೂಮಿ. ಮಳೆಯ ನೀರನ್ನು ಒಡಲಲ್ಲಿ ಹಿಡಿದಿಟ್ಟುಕೊಂಡು, ಮಳೆ ನಿಂತ ಮೇಲೂ ಹಿಂಗಾರಿ ಜೋಳವನ್ನು ಸಾಕುವ ಮಣ್ಣು ಅದು.

ಮೊದಲ ದಿನ ಕಲಬುರಗಿ ನಗರದ ಕೋಟೆಯನ್ನೂ ಅದರೊಳಗಿನ 1367ರ ಜಾಮಿ ಮಸೀದಿಯನ್ನೂ ನೋಡೋಣ. ಎರಡನೆಯ ದಿನ ಹುಮನಾಬಾದ್ ರಸ್ತೆಯಲ್ಲಿ ಕಮಲಾಪುರಕ್ಕೆ ಪಯಣ. ದೂರ 35ರಿಂದ 40 ಕಿಲೋಮೀಟರ್. ಚಳಿಗಾಲದಲ್ಲಿ ಅಲ್ಲಿ ಗಾಳಿ ಹೆಚ್ಚಾಗಿ ಪೂರ್ವ ಮತ್ತು ಈಶಾನ್ಯದಿಂದ ಬೀಸುತ್ತದೆ. ಕಮಲಾಪುರವಿರುವುದೂ ಈಶಾನ್ಯಕ್ಕೇ. ಆದ್ದರಿಂದ ದಣಿಯದ ಕಾಲುಗಳಿರುವಾಗಲೇ ಎದುರುಗಾಳಿಯನ್ನು ಎದುರಿಸಿದರೆ, ಮರಳುವಾಗ ಅದೇ ಗಾಳಿ ಬೆನ್ನಿಗಿರುತ್ತದೆ. ಹೆದ್ದಾರಿಯಲ್ಲಿ ಲಾರಿಗಳ ಓಡಾಟ ಬಹಳ. ಬೆಳಕು ಹರಿದ ಕೂಡಲೇ ಹೊರಟು, ಒಬ್ಬರ ಹಿಂದೊಬ್ಬರಾಗಿ ಅಂಚಿನಲ್ಲೇ ಸಾಗಬೇಕು.

ಹೊಲದ ದಾರಿಗೆ ಇಳಿದರೆ ನೆಗ್ಗಿಲು ಮುಳ್ಳು, ಬಳ್ಳಾರಿ ಜಾಲಿಯ ಮುಳ್ಳು ಟ್ಯೂಬನ್ನು ಬಿಡುವುದಿಲ್ಲ. ಪಂಕ್ಚರ್ ಸಾಮಾನು, ಪಂಪು ಜೊತೆಗಿರಲಿ. ಅಕಾಲದ ಮಳೆ ಬಂದರೆ ಡಾಂಬರು ಬಿಟ್ಟು ಇಳಿಯಲೇಬೇಡಿ; ಎರೆಮಣ್ಣು ಚಕ್ರಕ್ಕೆ ಮೆತ್ತಿ ಸೈಕಲ್ಲನ್ನು ಹೆಗಲಿಗೇರಿಸುತ್ತದೆ.

ನೀರಿನ ವಿಷಯದಲ್ಲಿ ನಾನೇ ಹಿಂದೊಮ್ಮೆ ತಪ್ಪಿದ್ದೇನೆ. ಮುಂಜಾನೆಯ ಚಳಿಯನ್ನು ನಂಬಿ ತಲಾ ಒಂದೇ ಬಾಟಲಿ ನೀರು ಒಯ್ದಿದ್ದೆವು. ಮಧ್ಯಾಹ್ನದ ಬಿಸಿಲಿಗೆ ಜೊತೆಗಾರನೊಬ್ಬ ತಲೆ ಸುತ್ತಿ ಕುಳಿತ. ತೊಗರಿ ಕೊಯ್ಯುತ್ತಿದ್ದ ತಾಯಿಯೊಬ್ಬರು ಓಡಿಬಂದು ತಮ್ಮ ಕೊಡವನ್ನೇ ಬಗ್ಗಿಸಿದರು. ನಾವು ಹೊಟ್ಟೆ ತುಂಬ ಕುಡಿದೆವು. ಆಮೇಲೆ ತಿಳಿಯಿತು, ಅದು ಹೊಲದಲ್ಲಿದ್ದ ಐದು ಜನರ ಇಡೀ ದಿನದ ನೀರು. ನಮ್ಮ ಹಳ್ಳಗಳಲ್ಲಿ ಪ್ಲಾಸ್ಟಿಕ್ ಎಸೆದು ಹೋಗುವ ಪ್ರವಾಸಿಗರನ್ನು ನಾವು ಬೈಯುತ್ತೇವೆ. ಅಂದು ಆ ಹೊಲದಲ್ಲಿ ನಾವೂ ಅಂಥ ಪ್ರವಾಸಿಗರೇ ಆಗಿದ್ದೆವು. ಈ ಸಲ ತಲಾ ಮೂರು ಲೀಟರ್ ನೀರು ನಾವೇ ಹೊರೋಣ. ಊರು ಸಿಕ್ಕಲ್ಲಿ ಕೇಳಿ ತುಂಬಿಸಿಕೊಳ್ಳೋಣ.

ಕಮಲಾಪುರದಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕೆಂಬಾಳೆಯನ್ನು ಸವಿಯಿರಿ. ಸಾಮಾನ್ಯ ಬಾಳೆ ವರ್ಷದೊಳಗೋ ವರ್ಷಕ್ಕೋ ಕೊಯ್ಲಿಗೆ ಬಂದರೆ ಇದಕ್ಕೆ ಸುಮಾರು 18 ತಿಂಗಳು ಬೇಕು. ಅಷ್ಟು ಕಾಲ ನೀರುಣಿಸಿ ಕಾಯುವ ರೈತನೊಡನೆ ಬೆಲೆಗೆ ಚೌಕಾಸಿ ಮಾಡದಿರಿ. ಬಿಡುವಿದ್ದವರು ಮುಂದೆ ಚಿಂಚೋಳಿಯ ಗುಡ್ಡಗಾಡಿಗೂ ಹೋಗಬಹುದು. 2011ರಲ್ಲಿ ವನ್ಯಜೀವಿಧಾಮವಾದ ಕಾಡದು. ಅದನ್ನು ಅದೇ ದಿನಕ್ಕೆ ತುರುಕದೆ ಬೇರೆ ದಿನ ಇಟ್ಟುಕೊಳ್ಳಿ.

ಮಿತ್ರರೇ, ನೆಲವೊಂದನ್ನು ಬರಡೆಂದು ಕರೆದ ಮೇಲೆ ಅದನ್ನು ಅಗೆಯಲು, ಕೊಳ್ಳಲು ಯಾರಿಗೂ ಸಂಕೋಚವಿರುವುದಿಲ್ಲ. ನಮ್ಮ ಬೆಟ್ಟದ ಹುಲ್ಲುಗಾವಲನ್ನು ಪಾಳು ಎಂದು ಬರೆದವರ ವಿರುದ್ಧ ದನಿಯೆತ್ತುವ ನಾವು, ಬೇರೆಯವರ ಹೊಲವನ್ನು ಮರುಭೂಮಿ ಎನ್ನಬಾರದು. ಹೋಗಿ ನೋಡಿ ಬನ್ನಿ. ಬಂದ ಮೇಲೆ ಆ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಿಕೊಳ್ಳೋಣ.