ಕೂರುವವರ ಮೇಜು, ನಿಲ್ಲುವವರ ಸ್ಟೂಲು



ಅಮೆರಿಕದ ಶಿಕಾಗೋ ನಗರದಲ್ಲಿ ಮರ್ಚಂಡೈಸ್ ಮಾರ್ಟ್ ಎಂದು ಹೆಸರಾದ ಭಾರಿ ಕಟ್ಟಡವಿದೆ. 1969ರಿಂದ ಅಲ್ಲಿ ‘ನಿಯೋಕಾನ್’ ಎಂಬ ವ್ಯಾಪಾರ ಪ್ರದರ್ಶನ ನಡೆಯುತ್ತ ಬಂದಿದೆ. ಆಫೀಸಿನ ಮೇಜು ಕುರ್ಚಿ ಮಾಡುವವರು ತಮ್ಮ ಹೊಸ ಮಾದರಿಗಳನ್ನು ತಂದಿಡುತ್ತಾರೆ. ನೋಡಲು ಬರುವವರು ಹೆಚ್ಚಾಗಿ ವಿನ್ಯಾಸಕಾರರು, ವ್ಯಾಪಾರಿಗಳು, ಕಂಪೆನಿಯ ಪರವಾಗಿ ಕೊಳ್ಳುವವರು. ದಿನವಿಡೀ ಆ ಕುರ್ಚಿಯಲ್ಲಿ ಕೂರುವ ಗುಮಾಸ್ತರಲ್ಲ.

ಈಚಿನ ವರ್ಷಗಳಲ್ಲಿ ಅಲ್ಲಿ ಹೆಚ್ಚಾಗಿ ಕಾಣುವುದು ಗುಂಡಿ ಒತ್ತಿದರೆ ಏರಿ ಇಳಿಯುವ ಮೇಜು. ಸ್ವಲ್ಪ ಹೊತ್ತು ಕುಳಿತು, ಸ್ವಲ್ಪ ಹೊತ್ತು ನಿಂತು ಕೆಲಸ ಮಾಡಬಹುದು. ಆದರೆ ಈ ವಿಚಾರ ಹಳೆಯದು. ಹರ್ಮನ್ ಮಿಲ್ಲರ್ ಕಂಪೆನಿಯಲ್ಲಿದ್ದ ರಾಬರ್ಟ್ ಪ್ರಾಪ್ಸ್ಟ್ ಅವರ ಯೋಚನೆಯಂತೆ 1964ರಲ್ಲೇ ನಿಂತು ಬರೆಯುವ ಮೇಜು ಬಂದಿತ್ತು. 1968ರಲ್ಲಿ, ಕೆಲಸಕ್ಕೆ ತಕ್ಕಂತೆ ಜರುಗಿಸಿಕೊಳ್ಳಲು ತಟ್ಟಿಗಳೂ ಬಂದವು. ಕೊಂಡ ಕಂಪೆನಿಗಳು ಮಾಡಿದ್ದೇನು? ಜಾಗ ಉಳಿಯುತ್ತದೆಂದು ಅದೇ ತಟ್ಟಿಗಳಿಂದ ಸಾಲು ಸಾಲು ಗೂಡು ಕಟ್ಟಿ ಜನರನ್ನು ತುಂಬಿದವು. ಕೊನೆಗಾಲದಲ್ಲಿ ಪ್ರಾಪ್ಸ್ಟ್ ಅವರೇ ಇದನ್ನು ಕಟುವಾಗಿ ಹಳಿದರು. ಲೈನ್ ಮನೆಗಳನ್ನು ಬಲ್ಲ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇತ್ತ ಎಸ್ಟೇಟು ಬಿಟ್ಟು ಜವಳಿ ಅಂಗಡಿಗೆ ಸೇರುವ ನಮ್ಮ ಹೆಣ್ಣುಮಕ್ಕಳ ಕಷ್ಟ ಇದಕ್ಕೆ ತಿರುಗುಮುರುಗು. ಅವರಿಗೆ ನಿಂತೇ ಕೆಲಸ. ಕೇರಳದಲ್ಲಿ ಅಂಥ ಹೆಣ್ಣುಮಕ್ಕಳು ಹೋರಾಡಿದ ಮೇಲೆ, 2018ರಲ್ಲಿ ಅಂಗಡಿಗಳ ಕಾಯಿದೆ ತಿದ್ದಿ, ಕೂರಲು ಆಸನ ಕೊಡಲೇಬೇಕೆಂದು ಬರೆದರು. ತಮಿಳುನಾಡಿನಲ್ಲಿ 2021ರಲ್ಲಿ ಹಾಗೆಯೇ ಆಯಿತು.

ಮುಂದಿನ ಸಲ ಪೇಟೆಗೆ ಹೋದಾಗ, ಕೌಂಟರಿನ ಹಿಂದೆ ಸ್ಟೂಲು ಇದೆಯೇ, ಅದರ ಮೇಲೆ ಯಾರಾದರೂ ಕೂತಿದ್ದಾರೆಯೇ, ನೋಡಿ ಬನ್ನಿ.