ಒಂದು ಅಂಕದ ಅಂತರ
(ಸಂಘದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ವೈದ್ಯನಲ್ಲ, ಮೂವತ್ತು ವರ್ಷ ಕೇಂದ್ರ ಸರ್ಕಾರದ ಕಡತಗಳ ನಡುವೆ ಬದುಕಿದವನು. ಇಲ್ಲಿ ಪುಣೆಯಲ್ಲಿ ನನ್ನೊಡನಿರುವ ತಮ್ಮನಿಗೆ ಸ್ಕಿಜೋಫ್ರೇನಿಯಾ. ಅವನ ಪ್ರಮಾಣಪತ್ರದ ನಿಮಿತ್ತ ಕಲಿತದ್ದನ್ನಷ್ಟೇ ಹೇಳುತ್ತೇನೆ.

ರೋಗದ ಹೆಸರೊಂದೇ ವೈಕಲ್ಯದ ಅಳತೆಯಾಗಲಾರದು. ಭಾರತೀಯ ಮನೋವೈದ್ಯಕೀಯ ಸಂಘ ರೂಪಿಸಿ, 2002ರಲ್ಲಿ ಸರ್ಕಾರ ಅಂಗೀಕರಿಸಿದ ‘ಐಡಿಯಾಸ್’ ಮಾಪನವು ನಿತ್ಯಜೀವನದ ನಾಲ್ಕು ಮುಖಗಳನ್ನು ನೋಡುತ್ತದೆ: ಸ್ವಂತ ಆರೈಕೆ, ಜನರೊಡನೆ ಒಡನಾಟ, ಮಾತು ಮತ್ತು ಗ್ರಹಿಕೆ, ದುಡಿಮೆ. ಪ್ರತಿಯೊಂದಕ್ಕೂ ಸೊನ್ನೆಯಿಂದ 4. ಕಾಯಿಲೆಯ ಅವಧಿಗೆ ಮತ್ತೆ 4ರವರೆಗೆ. ಒಟ್ಟು 20ರಲ್ಲಿ 7 ಬಂದರೆ ಶೇಕಡಾ 40 ಮುಟ್ಟಿದಂತೆ. 2016ರ ಕಾಯಿದೆಯ ಮುಖ್ಯ ಸೌಲಭ್ಯಗಳಿಗೆ ಅದೇ ಹೊಸ್ತಿಲು.

ತಮ್ಮನಿಗೆ ಬಂದದ್ದು 6. ತಪ್ಪು ನನ್ನದೇ. ಪ್ರಶ್ನೆಗಳು ಹಿಂದಿಯಲ್ಲಿದ್ದವು, ಅವನು ನನ್ನ ಮುಖ ನೋಡಿದ. ಸ್ನಾನ ಮಾಡುತ್ತಾನೆಯೇ ಎಂದರು. ಮಾಡುತ್ತಾನೆ ಎಂದೆ. ನನ್ನಾಕೆ ನಾಲ್ಕು ಬಾರಿ ಕರೆದು, ಬಿಸಿನೀರು ತೋಡಿಟ್ಟು, ಬಟ್ಟೆ ಕೈಗೆ ಕೊಟ್ಟ ಮೇಲೆ ಎಂಬುದನ್ನು ನುಂಗಿಕೊಂಡೆ. ನಾಲ್ಕು ಜನರೊಡನೆ ಬೆರೆಯುತ್ತಾನೆಯೇ? ಹೌದೆಂದೆ. ನಮ್ಮ ಯುಗಾದಿ ಕೂಟಕ್ಕೂ ಅವನನ್ನು ಕರೆತಾರದವನು ನಾನು! ಮರ್ಯಾದೆಗೆ ಅಂಜಿದ್ದೆ.

ಮರುಪರೀಕ್ಷೆಯಲ್ಲಿ ನನ್ನಾಕೆಯೇ ಉತ್ತರಿಸಿದಳು. ಕನ್ನಡ ಬಲ್ಲ ಕಿರಿಯ ವೈದ್ಯೆಯೊಬ್ಬರು ಅವನನ್ನೇ ಮಾತಾಡಿಸಿದರು. “ಕೂಟಕ್ಕೆ ಅಣ್ಣ ಕರೆಯೋದಿಲ್ಲ” ಎಂದ. ಅಂಕ 9 ಆಯಿತು.

ಇಂಥ ಪರೀಕ್ಷೆಗೆ ಹೋಗುವವರು ನೀರು ತೋಡಿಕೊಡುವವರನ್ನೇ ಕರೆದೊಯ್ಯಿರಿ. ದುಭಾಷಿಯಾಗಿ ಬರಲು ನಾನು ಸಿದ್ಧ.

ತಮ್ಮ ಇಂದು ಕೊನೆಯ ಸಾಲಿನಲ್ಲಿ ಕುಳಿತಿದ್ದಾನೆ. ಊಟದ ಹೊತ್ತಿಗೆ ದಯವಿಟ್ಟು ಮಾತಾಡಿಸಿ.